ನುಡಿಗಿಂತ ನಡೆ ಮೊದಲು: ಗಡಿಯಿಂದ ‘ಸ್ಮೃತಿಚಿತ್ರೇ’ಯ ಓದು

ಅಮೆರಿಕನ್ ಮಿಷನ್ 1852ರಲ್ಲಿ ನೆಲೆಯೂರಿದ ಕೊಲ್ಹಾಪುರ ಪ್ರಾಂತ್ಯದಲ್ಲಿ, ಅದರಲ್ಲೂ ಗಡಹಿಂಗ್ಲಜದಂತಹ ದ್ವಿಭಾಷಿಕ ಊರಿನಲ್ಲಿ, ಕ್ರೈಸ್ತ ಕಾವ್ಯದ ಎರಡು ಪರಂಪರೆಗಳು ಓದುಗನಿಗೆ ಎಟಕುತ್ತವೆ. ಕಿಟೆಲ್ಲರ ‘ಕಥಾಮಾಲೆ’ (1862) ಕ್ರಿಸ್ತಚರಿತೆಯನ್ನು ದೇಶೀಯ ಛಂದಸ್ಸಿಗೆ ತಂದಿತು. 1895ರಲ್ಲಿ ದೀಕ್ಷಾಸ್ನಾನ ಪಡೆದ ನಾರಾಯಣ ವಾಮನ ತಿಲಕರು ತುಕಾರಾಮರ ಅಭಂಗದ ದಾರಿ ಹಿಡಿದರು. ವಿಮರ್ಶೆ ಇದನ್ನು ದೇಶೀಕರಣವೆಂದು ಮೆಚ್ಚಿ ಅಲ್ಲಿಗೇ ನಿಲ್ಲುತ್ತದೆ. ಹಾಡಿನ ಧಾಟಿ ನಮ್ಮದಾದ ಮಾತ್ರಕ್ಕೆ ಮನೆಯೊಳಗಿನ ನಡೆ ಬದಲಾಗುವುದೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಲಕ್ಷ್ಮೀಬಾಯಿ ತಿಲಕರ ಆತ್ಮಕಥೆ ‘ಸ್ಮೃತಿಚಿತ್ರೇ’ ಈ ಪ್ರಶ್ನೆಯನ್ನು ಅಡುಗೆಮನೆಗೆ ಒಯ್ಯುತ್ತದೆ. ಪತಿ ಮತಾಂತರಗೊಂಡ ಮೇಲೂ ವರ್ಷಗಟ್ಟಲೆ ಮಡಿ ಬಿಡದ ಆಕೆಯನ್ನು ಧರ್ಮವಾದಗಳು ಕದಲಿಸಲಿಲ್ಲ. ಜಾತಿಯನ್ನು ಮಾಡಿದವನು ದೇವರಲ್ಲ, ಮನುಷ್ಯನೇ ಎಂದು ಹೊಳೆದಾಗ ಯಾರ ಕೈಯ ಅನ್ನನೀರನ್ನಾದರೂ ಸ್ವೀಕರಿಸಲು ನಿಶ್ಚಯಿಸಿದರು. ದೀಕ್ಷೆ ಆಮೇಲಿನದು. 1919ರಲ್ಲಿ ಪತಿ ತೀರಿಕೊಂಡಾಗ ಅಪೂರ್ಣವಾಗಿ ಉಳಿದಿದ್ದ ‘ಕ್ರಿಸ್ತಾಯನ’ದ ಬಹುಭಾಗವನ್ನು ಬರೆದದ್ದು ಇನ್ನೂ ಆಮೇಲೆ.

ಈ ಅನುಕ್ರಮವೇ ಕೃತಿಯ ತಿರುಳು. ತನ್ನ ಮಡಿಯನ್ನು ತಾನೇ ನಗುತ್ತ ನೆನೆಯುವ ಅವರ ಗದ್ಯದಲ್ಲಿ ಆತ್ಮದ ಬೆಳವಣಿಗೆಗೆ ಅಳತೆಗೋಲು ನೀರಿನ ತಂಬಿಗೆ. ವಚನಗಳಿಂದ ನಡೆ-ನುಡಿಯ ನಿಕಷವನ್ನು ಕಲಿತ ಕನ್ನಡ ಓದುಗನಿಗೆ ಇದು ಅಪರಿಚಿತವಲ್ಲ. ಗಡಿಯ ಕ್ರೈಸ್ತ ಸಾಹಿತ್ಯವನ್ನು ಛಂದಸ್ಸಿನ ಜೊತೆಗೆ ಈ ನಿಕಷಕ್ಕೂ ಒಡ್ಡಬೇಕಾಗಿದೆ.