ಮೇಷ್ಟ್ರ ಸಂಶೋಧನೆ, ಊರಿನ ನೀರು

ಈಚಿನ ವರ್ಷಗಳಲ್ಲಿ ನಮ್ಮ ದಿನಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಹೊಸ ಬಗೆಯ ಸುದ್ದಿಯೊಂದು ಕಾಣಿಸಿಕೊಳ್ಳುತ್ತಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು ಸಿದ್ಧಪಡಿಸುವ, ಜಗತ್ತಿನ ಶೇ. 2ರಷ್ಟು ಮುಂಚೂಣಿ ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ರಾಜ್ಯದ ಇಂಥ ವಿಶ್ವವಿದ್ಯಾಲಯದ ಇಂಥ ಪ್ರಾಧ್ಯಾಪಕರಿಗೆ ಸ್ಥಾನ ಸಿಕ್ಕಿದೆ ಎಂಬುದು ಸುದ್ದಿಯ ಸಾರ. ಜೊತೆಗೊಂದು ಭಾವಚಿತ್ರ, ಕುಲಪತಿಗಳ ಅಭಿನಂದನೆ. ಓದಿದಾಗ ಸಂತೋಷವೇ ಆಗುತ್ತದೆ. ಆದರೆ ಸುದ್ದಿ ಮುಗಿದರೂ ಒಂದು ಸಂಗತಿ ಮಾತ್ರ ತಿಳಿಯುವುದಿಲ್ಲ. ಆ ಮೇಷ್ಟ್ರು ಕಂಡುಹಿಡಿದದ್ದಾದರೂ ಏನು?

ಒಬ್ಬ ಕಥೆಗಾರನಿಗೆ ಪ್ರಶಸ್ತಿ ಬಂದರೆ ಯಾವ ಕಥೆಗೆ ಬಂತು ಎಂದು ಕೇಳುತ್ತೇವೆ. ಓದಿ ಮೆಚ್ಚುತ್ತೇವೆ, ಇಲ್ಲವೇ ಇದಕ್ಕೇಕೆ ಕೊಟ್ಟರು ಎಂದು ಜಗಳ ಆಡುತ್ತೇವೆ. ವಿಜ್ಞಾನಿಗೆ ಮಾತ್ರ ಆ ಭಾಗ್ಯವಿಲ್ಲ. ಅವರ ಹೆಸರು ಊರಿಗೆ ಬರುತ್ತದೆ, ಕೆಲಸ ಬರುವುದಿಲ್ಲ. ಕಥೆ ಬರೆದುಕೊಂಡಿರುವ ನಾವು ಪ್ರಯೋಗಶಾಲೆಯ ಒಳಗಿನವರಲ್ಲ. ಆದರೆ ಸಂಶೋಧನಾ ಲೇಖನವೂ ಒಂದು ಬರಹವೇ. ಅದಕ್ಕೂ ಒಂದು ವಸ್ತು, ಒಂದು ಭಾಷೆ, ಒಬ್ಬ ಓದುಗ ಇರಬೇಕು. ಆ ಮೂರನ್ನು ಮುಂದಿಟ್ಟುಕೊಂಡು ನಮ್ಮ ವಿಶ್ವವಿದ್ಯಾಲಯಗಳ ರಸಾಯನ, ಭೌತ ಮತ್ತು ಗಣಕ ವಿಜ್ಞಾನದ ಸಂಶೋಧನೆಯನ್ನು ವಿಮರ್ಶೆಗೆ ಒಡ್ಡುವುದು ಅಧಿಕಪ್ರಸಂಗವಾಗಲಾರದು.

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಕುಳಿತು ಬರೆಯುವ ನಮಗೆ ಇದು ದೂರದ ವಿಷಯವೂ ಅಲ್ಲ. ಗುಲ್ಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು 2010ರಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಾಗಿ ನಮ್ಮೂರಿನಲ್ಲೇ ನೆಲೆಗೊಂಡಿತು. ಸಿರುಗುಪ್ಪ, ಕುರುಗೋಡು ಕಡೆಯಿಂದ ಬಸ್ಸು ಹತ್ತಿ ಬರುವ, ಮನೆತನದಲ್ಲೇ ಮೊದಲ ಬಾರಿಗೆ ಎಂ.ಎಸ್‌ಸಿ. ಓದುವ ಹುಡುಗ ಹುಡುಗಿಯರಿಗೆ ಅದೊಂದು ಬಾಗಿಲು. ಬಾಗಿಲಿನ ಒಳಗೆ ನಡೆಯುವುದೇನು ಎಂದು ಕೇಳುವ ಹಕ್ಕು ಊರಿಗಿದೆ.

ಮೊದಲು ರಸಾಯನ ವಿಜ್ಞಾನ. ಕಳೆದ ಇಪ್ಪತ್ತು ವರ್ಷಗಳಲ್ಲಿ ನಮ್ಮ ದೇಶದ ವಿಶ್ವವಿದ್ಯಾಲಯಗಳು ಅತಿ ಹೆಚ್ಚು ಬರೆದ ವಸ್ತುಗಳಲ್ಲಿ ನೀರಿನಿಂದ ಬಣ್ಣ ತೆಗೆಯುವುದೂ ಒಂದು. ಸತುವಿನ ಆಕ್ಸೈಡನ್ನೋ ಟೈಟಾನಿಯಂ ಡೈಆಕ್ಸೈಡನ್ನೋ ನ್ಯಾನೊ ಕಣಗಳಾಗಿ ಮಾಡುತ್ತಾರೆ. ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಆ ಪುಡಿಯನ್ನು ಬಣ್ಣದ ನೀರಿಗೆ ಹಾಕಿ ಬೆಳಕು ಬಿಟ್ಟರೆ, ಬೆಳಕಿನ ಹೊಡೆತಕ್ಕೆ ಕಣದೊಳಗಿನ ಎಲೆಕ್ಟ್ರಾನು ಜಿಗಿಯುತ್ತದೆ. ನೀರು ಮತ್ತು ಆಮ್ಲಜನಕದ ಸಹಾಯದಿಂದ ಅಲ್ಲಿ ಹುಟ್ಟುವ ಚುರುಕಾದ ತುಣುಕುಗಳು ಬಣ್ಣದ ಅಣುವನ್ನು ಒಡೆಯುತ್ತವೆ. ವಿಚಾರ ಅಂದವಾಗಿದೆ. ಬಿಸಿಲಿಗೆ ಬರವಿಲ್ಲದ ಬಳ್ಳಾರಿಗೆ ಹೇಳಿ ಮಾಡಿಸಿದಂತಿದೆ.

ಆದರೆ ಈ ಬರಹಗಳ ಪಾತ್ರಗಳನ್ನು ಗಮನಿಸಿ. ಬಣ್ಣ ಸಾಮಾನ್ಯವಾಗಿ ಮೆಥಿಲೀನ್ ಬ್ಲೂ. ನೀರು ಬಟ್ಟಿ ಇಳಿಸಿದ್ದು. ಬೆಳಕು ಹಲವೊಮ್ಮೆ ಅತಿನೇರಳೆ ದೀಪದ್ದು, ಏಕೆಂದರೆ ಈ ಎರಡೂ ಆಕ್ಸೈಡುಗಳು ಮುಖ್ಯವಾಗಿ ಓಗೊಡುವುದು ಅತಿನೇರಳೆ ಕಿರಣಕ್ಕೆ. ನೆಲಕ್ಕೆ ಬೀಳುವ ಬಿಸಿಲಿನಲ್ಲಿ ಅದರ ಪಾಲು ಶೇ. 5ರ ಆಸುಪಾಸು ಮಾತ್ರ. ಕೊನೆಗೆ ನೀರು ತಿಳಿಯಾಗುತ್ತದೆ, ಶೇ. 90ಕ್ಕೂ ಮಿಕ್ಕಿ ಬಣ್ಣ ಹೋಯಿತೆಂದು ಲೇಖನ ಮುಗಿಯುತ್ತದೆ.

ನಮ್ಮೂರಿನ ನೀರಿನ ಕಥೆ ಬೇರೆ. ಬಳ್ಳಾರಿ ಜೀನ್ಸ್ ಬಟ್ಟೆಗೆ ಹೆಸರಾದ ಊರು. ಕೌಲ್ ಬಜಾರಿನಂಥ ಬಡಾವಣೆಗಳಲ್ಲಿ ಹೊಲಿಗೆ, ಗುಂಡಿ, ದಾರ ಕತ್ತರಿಸುವ ಕೆಲಸವನ್ನೇ ನಂಬಿದ ಮನೆಗಳು ಸಾಲುಸಾಲಾಗಿವೆ. ಅವುಗಳಲ್ಲಿ ಮುಸ್ಲಿಮರ ಮನೆಗಳೂ ಬಹಳ. ಹೊಲಿದ ಪ್ಯಾಂಟು ತೊಳೆಯುವ ಘಟಕಕ್ಕೆ ಹೋಗುತ್ತದೆ. ಜೀನ್ಸಿನ ನೀಲಿ ಇಂಡಿಗೊ. ಅದು ಮೆಥಿಲೀನ್ ಬ್ಲೂನಂತೆ ನೀರಿನಲ್ಲಿ ಕರಗುವುದಿಲ್ಲ. ಬಟ್ಟೆಯ ಮೇಲಿಂದ ಸಣ್ಣ ಸಣ್ಣ ಕಣಗಳಾಗಿ ಉದುರುತ್ತದೆ. ಅದರ ಜೊತೆ ನೂಲಿಗೆ ಹಾಕಿದ ಗಂಜಿ, ಬಟ್ಟೆ ಉಜ್ಜುವ ಪ್ಯೂಮಿಸ್ ಕಲ್ಲಿನ ಪುಡಿ, ಕಿಣ್ವಗಳು, ಬ್ಲೀಚು, ಉಪ್ಪು ಎಲ್ಲ ಸೇರಿ ಕಲಗಚ್ಚಿನಂಥ ನೀರಾಗುತ್ತದೆ. ಬೆಳಕೇ ಒಳಗೆ ಇಳಿಯದ ಆ ರಾಡಿಯಲ್ಲಿ ನ್ಯಾನೊ ಕಣ ಎಷ್ಟು ಹೊತ್ತು ದುಡಿದೀತು? ಅದನ್ನು ಮತ್ತೆ ಸೋಸಿ ತೆಗೆಯುವುದು ಹೇಗೆ? ಒಂದು ಲೀಟರಿಗೆ ಖರ್ಚೆಷ್ಟು? ತೊಳೆಯುವ ಘಟಕದವರು ಕೇಳುವ ಪ್ರಶ್ನೆಗಳು ಇವೇ. ಸಂಶೋಧನಾ ಲೇಖನಗಳಲ್ಲಿ ಉತ್ತರ ಅಪರೂಪವಾಗಿರುವುದೂ ಇವಕ್ಕೇ.

ಇನ್ನೊಂದು ಸೂಕ್ಷ್ಮವಿದೆ. ಬಣ್ಣ ಮಾಯವಾಗುವುದು ಬೇರೆ, ನೀರು ಶುದ್ಧವಾಗುವುದು ಬೇರೆ. ಗ್ಲೂಕೋಸ್ ಮತ್ತು ಕ್ಷಾರ ಬೆರೆಸಿದ ನೀರಿಗೆ ಮೆಥಿಲೀನ್ ಬ್ಲೂ ಹಾಕಿ ಇಟ್ಟರೆ ನೀಲಿ ಹೋಗಿ ನೀರು ತಿಳಿಯಾಗುತ್ತದೆ. ಬಾಟಲಿ ಕುಲುಕಿದರೆ ಗಾಳಿಯ ಆಮ್ಲಜನಕ ಸೇರಿ ನೀಲಿ ಮರಳಿ ಬರುತ್ತದೆ. ವಿಜ್ಞಾನ ಮೇಳಗಳಲ್ಲಿ ಮಕ್ಕಳು ಮಾಡಿ ತೋರಿಸುವ ಪ್ರಯೋಗವಿದು. ಅಲ್ಲಿ ಅಣು ಒಡೆದಿರಲಿಲ್ಲ, ಬಣ್ಣವನ್ನಷ್ಟೇ ಬಚ್ಚಿಟ್ಟುಕೊಂಡಿತ್ತು. ಆದ್ದರಿಂದ ನೀರಿನಲ್ಲಿ ಉಳಿದ ಸಾವಯವ ಇಂಗಾಲವೆಷ್ಟು ಎಂದು ಅಳೆಯದೆ ಬಣ್ಣ ಹೋದದ್ದನ್ನೇ ಶುದ್ಧಿ ಎನ್ನಲಾಗದು. ಒಳ್ಳೆಯ ಸಂಶೋಧಕರು ಅದನ್ನು ಅಳೆಯುತ್ತಾರೆ. ಅವಸರದವರು ಬಿಡುತ್ತಾರೆ. ಹೊರಗಿನ ಪಟ್ಟಿ ಈ ಇಬ್ಬರ ನಡುವಿನ ವ್ಯತ್ಯಾಸವನ್ನು ಹೇಳುವುದಿಲ್ಲ.

ಇಷ್ಟು ಹೇಳಿದ ಮೇಲೆ ಮೇಷ್ಟ್ರುಗಳ ಪರವಾಗಿಯೂ ಮಾತಾಡಬೇಕು. ಜಿಲ್ಲಾ ಕೇಂದ್ರದ ವಿಭಾಗವೊಂದರಲ್ಲಿ ಪುಡಿ ತಯಾರಿಸಬಹುದು, ಅದರ ಒಳಗನ್ನು ನೋಡುವ ಯಂತ್ರ ಹಲವು ಕಡೆ ಇರುವುದಿಲ್ಲ. ಮಾದರಿಯನ್ನು ಪುಟ್ಟ ಶೀಶೆಯಲ್ಲಿ ತುಂಬಿ ಬೆಂಗಳೂರಿಗೋ ಕೊಚ್ಚಿಗೋ ಕಳಿಸಿ, ಶುಲ್ಕ ಕಟ್ಟಿ, ಚಿತ್ರ ಬರುವ ತನಕ ಕಾಯಬೇಕು. ಇದರ ನಡುವೆಯೂ ಸಣ್ಣ ಊರುಗಳಲ್ಲಿ ಇಂಥ ಸಂಶೋಧನೆ ಸಾಧ್ಯವಾದದ್ದರ ಹಿಂದೆ ಕರ್ನಾಟಕದಲ್ಲೇ ನಡೆದ ಕೆಲಸವೊಂದಿದೆ. ಅದನ್ನು ಪ್ರತಿ ಕನ್ನಡ ಓದುಗನೂ ತಿಳಿದಿರಬೇಕಿತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಸಿ. ಪಾಟೀಲರು ತಮ್ಮ ವಿದ್ಯಾರ್ಥಿ ಕಿಂಗ್‌ಸ್ಲೆ ಜೊತೆಗೂಡಿ 1988ರಲ್ಲಿ ಒಂದು ವಿಧಾನ ಪ್ರಕಟಿಸಿದರು. ಅಲ್ಯೂಮಿನಿಯಂ ನೈಟ್ರೇಟ್ ಮತ್ತು ಯೂರಿಯಾವನ್ನು ತುಸು ನೀರಿನಲ್ಲಿ ಕರಗಿಸಿ, ಸುಮಾರು 500 ಡಿಗ್ರಿ ಸೆಲ್ಸಿಯಸ್ ಕುಲುಮೆಯೊಳಗೆ ಇಟ್ಟರೆ ದ್ರಾವಣ ಕುದಿದು, ನೊರೆಯಾಗಿ ಉಬ್ಬಿ, ತಾನೇ ಹೊತ್ತಿಕೊಳ್ಳುತ್ತದೆ. ಆ ಉರಿಯ ಶಾಖ ಸಾವಿರ ಡಿಗ್ರಿಯನ್ನೂ ಮೀರುತ್ತದೆ. ಕೆಲವೇ ನಿಮಿಷಗಳಲ್ಲಿ ಹಗುರವಾದ ನುಣುಪು ಪುಡಿ ಸಿದ್ಧ. ಹಳೆಯ ವಿಧಾನದಲ್ಲಿ ಇದಕ್ಕೆ ಗಂಟೆಗಟ್ಟಲೆ ಭಾರೀ ಶಾಖ ಬೇಕಿತ್ತು. ದಹನ ಸಂಶ್ಲೇಷಣೆ ಎಂಬ ಈ ವಿಧಾನ ಮುಂದೆ ಜಗತ್ತಿನಾದ್ಯಂತ ಹಬ್ಬಿತು. ದೊಡ್ಡ ಯಂತ್ರವಿಲ್ಲದ ಭೌತ ಮತ್ತು ರಸಾಯನ ವಿಭಾಗಗಳಿಗೆ ಅದೇ ಆಸರೆಯಾಯಿತು. ದೀಪಗಳಲ್ಲಿ ಬೆಳಕು ಚೆಲ್ಲುವ ಪುಡಿಗಳು, ಕಾಂತಗುಣದ ಫೆರೈಟುಗಳು ಹೀಗೆ ನಮ್ಮ ಕಾಲೇಜುಗಳ ಕುಲುಮೆಗಳಲ್ಲೂ ತಯಾರಾಗತೊಡಗಿದವು. ಸಿರುಗುಪ್ಪದ ರೈತ ಭತ್ತಕ್ಕೆ ಚೆಲ್ಲುವ ಯೂರಿಯಾ ಇಲ್ಲಿ ಉರುವಲು. ಈ ಸಂಗತಿಯನ್ನು ಆ ರೈತನ ಮಗಳಿಗೆ ಪಿಯುಸಿಯಲ್ಲೇ ಹೇಳಿದ್ದರೆ ಆಕೆಗೆ ರಸಾಯನ ವಿಜ್ಞಾನ ಪರದೇಶದ್ದು ಅನ್ನಿಸುತ್ತಿತ್ತೇ?

ಸಿರುಗುಪ್ಪದ ಅಕ್ಕಿ ಗಿರಣಿಗಳೂ ಹೀಗೆಯೇ ಒಂದು ಪಾಠ. ಭತ್ತದ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಹೊಟ್ಟು. ಹೊಟ್ಟು ಸುಟ್ಟರೆ ಅದರ ಸುಮಾರು ಐದನೇ ಒಂದು ಪಾಲು ಬೂದಿ. ಆ ಬೂದಿಯಲ್ಲಿ ಶೇ. 85ರಿಂದ 95ರವರೆಗೆ ಸಿಲಿಕ ಇರಬಹುದು. ಸಿಮೆಂಟಿಗೆ ಬೆರೆಸಲು, ನೀರಿನ ಕಲ್ಮಷ ಹೀರಲು ಅದನ್ನು ಬಳಸುವ ಬಗ್ಗೆ ಜಗತ್ತಿನಾದ್ಯಂತ ಸಂಶೋಧನೆ ನಡೆದಿದೆ. ವಸ್ತು ನಮ್ಮ ಅಂಗಳದಲ್ಲೇ ಬಿದ್ದಿದೆ ಎಂಬುದು ಅಂಗಳದವರಿಗೆ ಗೊತ್ತಾಗಬೇಕು.

ಗಣಕ ವಿಜ್ಞಾನಕ್ಕೆ ಬಂದರೆ ಚಿತ್ರ ಸ್ವಲ್ಪ ಬೇರೆ. ಇಲ್ಲಿ ನಮ್ಮ ಭಾಷೆಯೇ ಸಂಶೋಧನೆಯ ವಸ್ತುವಾಯಿತು. ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ ಬಿ.ವಿ. ಧಾಂಡ್ರ ಮತ್ತು ಅವರ ಸಂಗಡಿಗರು ಕೈಬರಹದ ಕನ್ನಡ ಅಂಕಿಗಳನ್ನು ಗುರುತಿಸುವ, ಒಂದು ಹಾಳೆಯಲ್ಲಿ ಯಾವ ಲಿಪಿಯಿದೆ ಎಂದು ಗಣಕಕ್ಕೆ ಕಲಿಸುವ ಕೆಲಸ ಮಾಡಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಎ.ಜಿ. ರಾಮಕೃಷ್ಣನ್ ಮತ್ತು ಶಿವಕುಮಾರ್ ರೂಪಿಸಿದ ‘ಲಿಪಿ ಜ್ಞಾನಿ’ ಮುದ್ರಿತ ಕನ್ನಡ ಪುಟವನ್ನು ಅಕ್ಷರಗಳಾಗಿ ಬದಲಿಸುತ್ತದೆ. ಕನ್ನಡ ಲಿಪಿಯಲ್ಲಿ ಅಚ್ಚಾದ ತುಳು, ಕೊಂಕಣಿ, ಸಂಸ್ಕೃತವನ್ನೂ ಅದು ಓದಬಲ್ಲದು. ಹಳೆಯ ಪುಸ್ತಕಗಳು ಉಳಿಯುವುದಕ್ಕೂ, ಕಣ್ಣಿಲ್ಲದವರ ಕೈಗೆ ಪುಸ್ತಕ ಸಿಗುವುದಕ್ಕೂ ಇಂಥ ಕೆಲಸವೇ ದಾರಿ.

ಇದೇ ಕ್ಷೇತ್ರದಲ್ಲಿ ವಿಶ್ವವಿದ್ಯಾಲಯದ ಆಚೆಗೆ ನಡೆದ ಒಂದು ಪ್ರಯತ್ನ ನಮಗೆ ಹೆಚ್ಚು ಹಿಡಿಸಿದೆ. ವಿನಯ್ ಪ್ರಭು ಅವರು 2019ರಲ್ಲಿ ಬೆಂಗಳೂರಿನ ಸ್ವಯಂಸೇವಕರಿಂದ ಬರೆಸಿದ ಕನ್ನಡ ಅಂಕಿಗಳ ಒಂದು ಸಂಗ್ರಹ ಹೊರತಂದರು. ಗಣಕಕ್ಕೆ ಕಲಿಸಲು 60,000, ಪರೀಕ್ಷಿಸಲು 10,000 ಚಿತ್ರಗಳು. ಜೊತೆಗೆ, ಕನ್ನಡ ಅಂಕಿ ಬರೆದು ರೂಢಿಯಿಲ್ಲದವರಿಂದ ಬರೆಸಿದ ಇನ್ನೊಂದು ಕಟ್ಟನ್ನೂ ಇಟ್ಟರು. ಮೊದಲಿನದರಲ್ಲಿ ಶೇ. 97ರ ಸಮೀಪ ಸರಿಯಾಗಿ ಓದಿದ ಗಣಕ, ಎರಡನೆಯದರಲ್ಲಿ ಶೇ. 76ರ ಸಮೀಪಕ್ಕೆ ಕುಸಿಯಿತು. ಅದನ್ನು ಅವರು ಮುಚ್ಚಿಡದೆ ಪ್ರಕಟಿಸಿದರು. ಅಪರಿಚಿತ ಕೈಬರಹ ಎದುರಾದಾಗ ಯಂತ್ರ ಎಲ್ಲಿ ಎಡವುತ್ತದೆ ಎಂದು ಹೇಳುವುದೂ ಸಂಶೋಧನೆಯೇ. ಬಟ್ಟಿ ಇಳಿಸಿದ ನೀರಿನ ಪಕ್ಕದಲ್ಲಿ ಜೀನ್ಸ್ ತೊಳೆದ ನೀರನ್ನೂ ಇಟ್ಟು ಎರಡೂ ಫಲಿತಾಂಶ ಬರೆಯಿರಿ ಎಂದು ನಾವು ಕೇಳುವುದು ಇದೇ ಪ್ರಾಮಾಣಿಕತೆಯನ್ನು.

ಹಾಗೆ ಬರೆಯಲು ತಡೆಯಾದದ್ದು ಲೆಕ್ಕದ ಹುಚ್ಚು. ವಿಶ್ವವಿದ್ಯಾಲಯ ಅನುದಾನ ಆಯೋಗ 2010ರ ನಿಯಮಗಳಲ್ಲಿ ಅಧ್ಯಾಪಕರ ನೇಮಕ, ಬಡ್ತಿಗೆ ಲೇಖನಗಳ ಮೇಲೆ ಅಂಕ ಕಟ್ಟುವ ಪದ್ಧತಿ ತಂದಿತು. ದುಡ್ಡು ಪಡೆದು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದವು. 2018ರಲ್ಲಿ ಆಯೋಗವೇ ತನ್ನ ಒಪ್ಪಿತ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತು ಹಾಕಬೇಕಾಯಿತು. ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು 2022ರಲ್ಲಿ ಕೈಬಿಟ್ಟಿತು. ‘ಕೇರ್’ ಎಂಬ ಹೊಸ ಪಟ್ಟಿಯನ್ನೂ 2025ರಲ್ಲಿ ನಿಲ್ಲಿಸಿತು. ಪಟ್ಟಿಗಳು ಬರುತ್ತವೆ, ಹೋಗುತ್ತವೆ. ಎಷ್ಟು ಬರೆದಿರಿ ಎಂಬ ಪ್ರಶ್ನೆ ಮಾತ್ರ ಉಳಿದುಕೊಂಡಿದೆ. ಯಾರಿಗಾಗಿ ಬರೆದಿರಿ ಎಂದು ಕೇಳುವವರಿಲ್ಲ.

ಯಾರಿಗಾಗಿ ಎಂಬ ಪ್ರಶ್ನೆ ಭಾಷೆಯ ಪ್ರಶ್ನೆಯೂ ಹೌದು. ಉರ್ದು, ಕನ್ನಡ ಎರಡು ಶಾಲೆಗಳ ಅನ್ನ ಉಂಡ ನಮಗೆ ಇಲ್ಲಿ ಎರಡು ನೆನಪುಗಳು ಬರುತ್ತವೆ. ತುಂಗಭದ್ರೆಯ ಈಚೆ ದಡದ ಸಿರುಗುಪ್ಪ ಮದರಾಸು ಪ್ರಾಂತ್ಯದಲ್ಲಿದ್ದಾಗ, ಆಚೆ ದಡ ನಿಜಾಮರ ರಾಜ್ಯ. ಆ ರಾಜ್ಯದ ಹೈದರಾಬಾದಿನಲ್ಲಿ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾದಾಗ ಬೋಧನೆಯ ಭಾಷೆ ಉರ್ದು. ಭೌತ, ರಸಾಯನ ಎಲ್ಲವನ್ನೂ ಕಲಿಸಲು ಅನುವಾದ ಸಂಸ್ಥೆ ಕಟ್ಟಿದರು. ಪಾರಿಭಾಷಿಕ ಪದ ರಚಿಸುವ ಬಗೆಯ ಮೇಲೆ ವಹೀದುದ್ದೀನ್ ಸಲೀಂ ಗ್ರಂಥವನ್ನೇ ಬರೆದರು. ಕನ್ನಡದ ದ್ಯುತಿಸಂಶ್ಲೇಷಣೆಗೆ ಉರ್ದುವಿನಲ್ಲಿ ‘ಜಿಯಾಯಿ ತಾಲೀಫ್’ ಎಂಬ ಚೆಂದದ ಮಾತಿದೆ. ಆ ಪ್ರಯೋಗದ ಮಿತಿಯನ್ನೂ ಹೇಳಬೇಕು. ರಾಯಚೂರಿನ ಕನ್ನಡಿಗ ರೈತನಿಗೆ ಉರ್ದು ಮನೆಮಾತಾಗಿರಲಿಲ್ಲ. ಆದರೂ ವಿಜ್ಞಾನ ಈ ನೆಲದ ಭಾಷೆಯೊಂದರಲ್ಲಿ ನಿಲ್ಲಬಲ್ಲದು ಎಂದು ಅದು ತೋರಿಸಿತು.

ಅದೇ 1918ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಭೌತ ವಿಜ್ಞಾನದ ಮೇಷ್ಟ್ರು ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ ಜೊತೆ ಸೇರಿ ‘ವಿಜ್ಞಾನ’ ಎಂಬ ಕನ್ನಡ ಪತ್ರಿಕೆ ಹೊರಡಿಸಿದರು. ಎರಡು ವರ್ಷಕ್ಕೆ ಅದು ನಿಂತಿತು. ಆರು ದಶಕಗಳ ನಂತರ, 1978ರಲ್ಲಿ ‘ಬಾಲವಿಜ್ಞಾನ’ ಬಂತು. ರಸಾಯನ ವಿಜ್ಞಾನದ ಅಧ್ಯಾಪಕ ಜೆ.ಆರ್. ಲಕ್ಷ್ಮಣರಾಯರು ಅದನ್ನು ಬೆಳೆಸಿದರು. ಹಾಗಾಗಿ ಕನ್ನಡದಲ್ಲಿ ವಿಜ್ಞಾನ ಸಾಹಿತ್ಯವಿಲ್ಲ ಎನ್ನುವಂತಿಲ್ಲ. ಆದರೆ ಈ ಸಾಹಿತ್ಯ ಹೆಚ್ಚಾಗಿ ಹೇಳಿದ್ದು ಜಗತ್ತಿನ ವಿಜ್ಞಾನವನ್ನು. ಐನ್‌ಸ್ಟೈನ್ ನಮಗೆ ಕನ್ನಡದಲ್ಲಿ ಸಿಕ್ಕಿದ್ದಾರೆ, ಪಕ್ಕದ ಬೀದಿಯ ಮೇಷ್ಟ್ರು ಸಿಕ್ಕಿಲ್ಲ. ‘ಚಿರಾಗ್ ತಲೇ ಅಂಧೇರಾ’ ಎನ್ನುತ್ತದೆ ಉರ್ದು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತದೆ ಕನ್ನಡ.

ನಮ್ಮ ಬೇಡಿಕೆ ದೊಡ್ಡದಲ್ಲ. ವಿಜ್ಞಾನದ ಪ್ರತಿ ಪಿಎಚ್.ಡಿ. ಪ್ರಬಂಧದ ಜೊತೆ ಹತ್ತು ಪುಟಗಳ ಕನ್ನಡ ಬರಹವೊಂದು ಇರಲಿ. ಏನು ಕೇಳಿಕೊಂಡೆವು, ಏನು ಸಿಕ್ಕಿತು, ಏನು ಸಿಗಲಿಲ್ಲ, ಇದರಿಂದ ಯಾರಿಗೆ ಏನು ಎಂಬ ನಾಲ್ಕು ಮಾತು ಅದರಲ್ಲಿರಲಿ. ಪ್ರತಿಯೊಂದು ಜಿಲ್ಲಾ ಗ್ರಂಥಾಲಯಕ್ಕೆ ಬರಲಿ. ಉರ್ದು ಶಾಲೆಯಿಂದ ಬಂದು ಇಂಗ್ಲಿಷಿನಲ್ಲಿ ತಡವರಿಸುವ ಹುಡುಗಿಗೂ ಅದು ಮೊದಲ ಮೆಟ್ಟಿಲಾದೀತು. ಪತ್ರಕರ್ತರು ಭಾವಚಿತ್ರದ ಕೆಳಗೆ ಸಂಶೋಧನೆ ಏನೆಂದು ಎರಡು ಸಾಲು ಬರೆಯಲಿ. ನಮ್ಮಂಥ ಮಾಸಪತ್ರಿಕೆಗಳು ಕವಿತೆ, ಕಥೆಗಳಿಗೆ ಕೊಡುವ ಪುಟಗಳಲ್ಲಿ ಒಂದೆರಡನ್ನು ಈ ಮೇಷ್ಟ್ರುಗಳಿಗೆ ಬಿಟ್ಟುಕೊಡಲಿ.

ಮೇಷ್ಟ್ರುಗಳಿಗೂ ಒಂದು ಮಾತು. ಮುಂದಿನ ಪ್ರಯೋಗಕ್ಕೆ ನೀರು ತುಂಬಿಸುವಾಗ ಒಂದು ಬಾಟಲಿಯನ್ನು ತೊಳೆಯುವ ಘಟಕದ ಚರಂಡಿಯಿಂದ ತುಂಬಿಸಿಕೊಂಡು ಬನ್ನಿ. ಫಲಿತಾಂಶ ಶೇ. 90 ಇರಲಿಕ್ಕಿಲ್ಲ, ಶೇ. 9 ಇದ್ದೀತು. ಆ ಒಂಬತ್ತನ್ನೇ ಕನ್ನಡದಲ್ಲಿ ಬರೆಯಿರಿ. ಅದನ್ನು ಓದಲು ಕೌಲ್ ಬಜಾರಿನಲ್ಲಿ ಜನರಿದ್ದಾರೆ.