ಸಿಂಹಗಡದ ಉದಯಭಾನು

ಹರಿ ನಾರಾಯಣ ಆಪ್ಟೆಯವರ (1864–1919) ‘ಗಡ ಆಲಾ ಪಣ ಸಿಂಹ ಗೇಲಾ’ ಪುಣೆಯ ಕನ್ನಡಿಗರಿಗೆ ಹೊಸ ಹೆಸರಲ್ಲ. ಗಳಗನಾಥರ ಅನುವಾದಗಳಿಂದ ಆಪ್ಟೆಯವರು ಕನ್ನಡನಾಡಿಗೆ ಬಹು ಹಿಂದೆಯೇ ಪರಿಚಿತರು. ಕಾದಂಬರಿಯ ರಂಗಸ್ಥಳವಾದ ಸಿಂಹಗಡವಂತೂ ನಗರದ ನೈಋತ್ಯಕ್ಕೆ ನಿಂತೇ ಇದೆ. ಕೃತಿಯನ್ನು ಓದಿದವರ ಮನಸ್ಸು ಸಹಜವಾಗಿಯೇ ತಾನಾಜಿ ಮಾಲುಸರೆಯಲ್ಲಿ ನೆಲೆಗೊಳ್ಳುತ್ತದೆ. ಅದೇ ರಾತ್ರಿ, ಅದೇ ಕೋಟೆಯಲ್ಲಿ ಅವನೊಡನೆ ಕಾದಿ ಮಡಿದ ಉದಯಭಾನುವಿನ ಕಡೆಗೆ ಅದು ಹರಿಯುವುದು ವಿರಳ. ಔರಂಗಜೇಬನಂಥ ಮಹಾಶತ್ರುವಿನ ನೆರಳಿನಲ್ಲಿ ನಿಂತ ಈ ಕಿರಿಯ ಪ್ರತಿನಾಯಕನ ಪಾತ್ರ ವಿಚಾರಾರ್ಹವಾಗಿದೆ.

1665ರ ಪುರಂದರದ ಒಪ್ಪಂದದಂತೆ ಕೊಂಡಾಣೆಯ ಕೋಟೆ ಮೊಗಲರ ವಶವಾಯಿತು. 1670ರ ಫೆಬ್ರುವರಿ 4ರ ರಾತ್ರಿ ಮರಾಠರು ಅದನ್ನು ಮರಳಿ ಪಡೆದರು. ಸಭಾಸದನ ಬಖರಿನಲ್ಲಿ ಉದಯಭಾನು ಕೋಟೆಯನ್ನು ಕಾಯುತ್ತಿದ್ದ ಒಬ್ಬ ರಜಪೂತ ವೀರ. ತಾನಾಜಿಯೂ ಅವನೂ ಸೆಣಸಿ ಇಬ್ಬರೂ ಬೀಳುತ್ತಾರೆ. ಶತ್ರುಪಕ್ಷದವನೆಂಬುದರ ಹೊರತು ಅವನ ಮೇಲೆ ಅಲ್ಲಿ ಬೇರೆ ದೋಷಾರೋಪಣೆಯಿಲ್ಲ. ಶಾಹೀರ ತುಳಸೀದಾಸನ ಪೊವಾಡದಲ್ಲಾದರೋ ಅವನು ರಾಕ್ಷಸಪ್ರಾಯನಾಗಿದ್ದಾನೆ. ಅವನ ಊಟಕ್ಕೆ ಮಿತಿಯಿಲ್ಲ. ಅವನಿಗೆ ಹನ್ನೆರಡು ಮಂದಿ ಬಲಶಾಲಿ ಮಕ್ಕಳು, ಚಂದ್ರಾವಳಿಯೆಂಬ ಆನೆ. ಹಗೆಯನ್ನು ಹಿಗ್ಗಿಸಿದಷ್ಟೂ ಗೆದ್ದವನ ಅಳವು ಹಿಗ್ಗುತ್ತದೆಂಬುದು ಲೋಕಕವಿಯ ಲೆಕ್ಕಾಚಾರ.

ಆಪ್ಟೆಯವರು ಈ ರಾಕ್ಷಸನನ್ನು ಮರಳಿ ಮನುಷ್ಯನನ್ನಾಗಿಸಿದರು. ಆದರೆ ಕಾಮುಕನಾದ ಮನುಷ್ಯನನ್ನಾಗಿಸಿದರು. ಸಹಗಮನಕ್ಕೆ ಸಿದ್ಧಳಾಗಿದ್ದ ಕಮಲಕುಮಾರಿಯನ್ನು ಅವನು ಅಪಹರಿಸಿ, ತನ್ನನ್ನು ವರಿಸೆಂದು ಪೀಡಿಸುತ್ತ ಕೋಟೆಯಲ್ಲಿ ಸೆರೆಯಿಡುತ್ತಾನೆ. ಇದರಿಂದ ದುರ್ಗವಿಜಯವು ಅಬಲೆಯೊಬ್ಬಳ ವಿಮೋಚನೆಯೂ ಆಗಿ ಕಥೆಗೆ ಬಿಗಿ ಬಂದಿದೆ. ಕಮಲಕುಮಾರಿಯ ಪಕ್ಷವನ್ನು ಹಿಡಿಯುವ ಜಗತ್‌ಸಿಂಹನೂ ರಜಪೂತನೇ. ಒಬ್ಬನ ದೋಷ ಇಡೀ ಕುಲಕ್ಕೆ ತಗಲದಂತೆ ನೋಡಿಕೊಂಡ ಕಾದಂಬರಿಕಾರರ ಎಚ್ಚರ ಮೆಚ್ಚತಕ್ಕದ್ದು.

ಆದರೆ ಈ ಲಾಭಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಮಗ ರಾಯಬಾನ ಮದುವೆಯನ್ನೇ ಬದಿಗಿರಿಸಿ ಹೊರಟ ತಾನಾಜಿಗೆ ಸ್ವಾಮಿಕಾರ್ಯವೊಂದೇ ಸಾಕಾದ ಪ್ರೇರಣೆ. ಎದುರಾಳಿಯ ಪಾಪ ಅವನಿಗೆ ಬೇಕಿರಲಿಲ್ಲ. ಉದಯಭಾನುವೂ ತನ್ನ ಒಡೆಯನ ಕೋಟೆಯನ್ನು ಕಾಯುತ್ತಲೇ ಸತ್ತವನು. ಅಪಹರಣದ ಕಥೆ ಆ ಕರ್ತವ್ಯನಿಷ್ಠೆಯನ್ನು ಮುಚ್ಚಿಬಿಡುತ್ತದೆ. ಕೊನೆಯ ದ್ವಂದ್ವಕ್ಕೆ ಮೊದಲೇ ಓದುಗನು ತೀರ್ಪು ಕೊಟ್ಟಾಗಿರುತ್ತದೆ. ಬಖರಿನಲ್ಲಿ ಇಬ್ಬರು ಸಮಬಲರು ಬಿದ್ದರು. ಕಾದಂಬರಿಯಲ್ಲಿ ಒಬ್ಬನು ವೀರಸ್ವರ್ಗವನ್ನೇರಿದನು, ಇನ್ನೊಬ್ಬನು ಶಿಕ್ಷೆಯನ್ನುಂಡನು.

ಪರಸ್ತ್ರೀಯನ್ನು ಬಯಸಿದವನನ್ನು ಪ್ರತಿನಾಯಕನಾಗಿಸಿದ್ದೇ ತಪ್ಪೆನ್ನಲಾಗದು. ನಾಗಚಂದ್ರನ ರಾವಣನೂ ಅಪಹರಣಕಾರನೇ. ಆದರೆ ಸೀತೆಯ ದೃಢತೆಯನ್ನು ಕಂಡು ಅವನು ಪಶ್ಚಾತ್ತಾಪಪಡುತ್ತಾನೆ. ಯುದ್ಧದಲ್ಲಿ ಗೆದ್ದ ಮೇಲೆ ಆಕೆಯನ್ನು ಒಪ್ಪಿಸಬೇಕೆಂದು ನಿಶ್ಚಯಿಸುತ್ತಾನೆ. ರನ್ನನ ದುರ್ಯೋಧನನೂ ಸೋಲಿನಲ್ಲಿ ಘನತೆಯನ್ನು ಕಳೆದುಕೊಳ್ಳುವುದಿಲ್ಲ. ಈ ಕಾವ್ಯಗಳಲ್ಲಿ ಬೆಳೆದ ಕನ್ನಡ ಓದುಗನು ಉದಯಭಾನುವಿನಲ್ಲಿ ಅರಸಿಯೂ ಕಾಣದಿರುವುದು ಈ ಅಂತರಂಗವನ್ನು. ಅವನು ಕೃತಿಯ ಉದ್ದಕ್ಕೂ ಕಥೆಯನ್ನು ಮುಂದೂಡುವ ಸಾಧನವಾಗಿಯೇ ಉಳಿಯುತ್ತಾನೆ.

ಉದಯಭಾನು ಕೇವಲ ಕಲ್ಪಿತ ವ್ಯಕ್ತಿಯಾಗಿದ್ದರೆ ಇದು ಪಾತ್ರಪೋಷಣೆಯ ಒಂದು ಕೊರತೆ ಎಂದಷ್ಟೇ ಹೇಳಿ ಮುಗಿಸಬಹುದಾಗಿತ್ತು. ಅವನು ಬಾಳಿ ಅಳಿದವನು. ಜನಪ್ರಿಯ ಕಾದಂಬರಿ ಹೊರಿಸಿದ ಕಳಂಕವನ್ನು ಜನರು ಇತಿಹಾಸವೆಂದೇ ನಂಬುತ್ತಾರೆ. ಗಡವನ್ನೇರಿ ತಾನಾಜಿಯ ಸ್ಮಾರಕದ ಮುಂದೆ ನಿಲ್ಲುವ ಸಹೃದಯನು ಅವನ ಎದುರಾಳಿಯನ್ನೂ ಒಮ್ಮೆ ನೆನೆದರೆ ತಾನಾಜಿಯ ಕೀರ್ತಿಗೇನೂ ಕುಂದು ಬಾರದು. ಅವನು ಗೆದ್ದದ್ದು ಎಂಥವನನ್ನು ಎಂಬುದು ಆಗಲೇ ತಿಳಿಯುವುದು.