ಸೀಲು ಒಡೆಯದ ಡಬ್ಬಿಯ ಮೋಹ

ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡ ಇಬ್ಬರು ಭೇಟಿಯಾದರೆ ಮಾತು ಬಣ್ಣ, ಬಂಪರ್, ಸ್ಟೀರಿಂಗ್ ಪಕ್ಕದ ಗೇರ್ ಕಡ್ಡಿ ಎಂದೆಲ್ಲ ಸುತ್ತಿ ಕೊನೆಗೆ ಬುಷ್‌ಗೆ ಬಂದು ನಿಲ್ಲುತ್ತದೆ. ಬಣ್ಣ ಹೊಡೆಯುವವರಿಗೆ ಬರವಿಲ್ಲ, ತಕರಾರೆಲ್ಲ ಸಸ್ಪೆನ್ಷನ್ನಿನ ರಬ್ಬರ್ ಬುಷ್‌ನದು. ಹಂಪ್ ಹತ್ತಿಳಿದಾಗ ಕೆಳಗಿನಿಂದ ಕೇಳುವ ಟಕ್ ಸದ್ದು, ಬ್ರೇಕ್ ಒತ್ತಿದರೆ ಪಕ್ಕಕ್ಕೆ ಎಳೆಯುವ ಸ್ಟೀರಿಂಗ್, ಒಂದೇ ಕಡೆ ಸವೆಯುವ ಟೈರು: ಇವುಗಳ ಮೂಲ ಎಷ್ಟೋ ಸಲ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಈ ಬುಷ್‌ನಲ್ಲೇ ಇರುತ್ತದೆ. ಅದನ್ನು ಹುಡುಕುವ ನಮ್ಮ ರೀತಿಯಲ್ಲಿ ಉತ್ಸಾಹ ಬೇಕಾದಷ್ಟಿದೆ, ವಿವೇಚನೆ ಸಾಲದು.

ಕೊರತೆ ಏಕೆ ಬಂತೆಂಬುದು ಗುಟ್ಟಲ್ಲ. ಇಟಲಿಯ ಫಿಯೆಟ್ 1100ಡಿ ಮಾದರಿಯನ್ನು ಪ್ರೀಮಿಯರ್ ಆಟೊಮೊಬೈಲ್ಸ್ ಮುಂಬೈಯ ಕುರ್ಲಾದಲ್ಲಿ 1964ರಿಂದ ತಯಾರಿಸಿತು. ಅದೇ ಕಾರು ಮುಂದೆ ಪದ್ಮಿನಿಯಾಯಿತು; ಶತಮಾನ ಮುಗಿಯುವ ಹೊತ್ತಿಗೆ ತಯಾರಿಕೆಯೂ ಮುಗಿಯಿತು. ಆಮೇಲೂ ಬಿಡಿಭಾಗಗಳ ವ್ಯಾಪಾರಕ್ಕೆ ಜೀವ ಕೊಟ್ಟದ್ದು ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳು. 20 ವರ್ಷದ ವಯೋಮಿತಿ ತುಂಬಿ 2023ರ ಅಕ್ಟೋಬರ್ ಕೊನೆಯಲ್ಲಿ ಅವೂ ರಸ್ತೆಯಿಂದ ಇಳಿದವು. ಈಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಬುಷ್ ಕೇಳಿಕೊಂಡು ಬರುವವರು ಬಹುಮಟ್ಟಿಗೆ ಹವ್ಯಾಸಿಗಳು. ಅವರ ಬೇಡಿಕೆ ನಂಬಿ ಯಾರೂ ಸಾವಿರಗಟ್ಟಲೆ ಮಾಲು ತೆಗೆಯುವುದಿಲ್ಲ.

ಈ ಹವ್ಯಾಸಿಗಳಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ‘ಕಂಪನಿ ಮಾಲು’. ಯಾವುದೋ ಹಳೆಯ ಅಂಗಡಿಯ ಅಟ್ಟದಿಂದ ಇಳಿಸಿದ, ಸೀಲು ಒಡೆಯದ ಡಬ್ಬಿಗೆ ಕೇಳಿದಷ್ಟು ಕೊಡುತ್ತಾರೆ. ನನ್ನ ಮೊದಲ ಆಕ್ಷೇಪ ಇದಕ್ಕೇ. ಇಟ್ಟಷ್ಟೂ ರುಚಿ ಏರಲು ರಬ್ಬರೇನು ಉಪ್ಪಿನಕಾಯಿಯಲ್ಲ. ಗಾಳಿಯ ಆಮ್ಲಜನಕ, ಓಝೋನ್, ಬಿಸಿ ಎಲ್ಲವೂ ಅದನ್ನು ಡಬ್ಬಿಯೊಳಗೇ ಗಡಸುಗೊಳಿಸುತ್ತವೆ. ರಬ್ಬರ್ ವಸ್ತುಗಳ ಸಂಗ್ರಹಕ್ಕೆಂದೇ ಇರುವ ಐಎಸ್‌ಒ 2230 ಮಾನದಂಡ ನೈಸರ್ಗಿಕ ರಬ್ಬರಿಗೆ ಕೊಡುವ ಮೊದಲ ಅವಧಿ 5 ವರ್ಷ. ಪದ್ಮಿನಿಯ ಕಾಲದ ಡಬ್ಬಿ ಎಂದರೆ ಆ ಲೆಕ್ಕದ ಕನಿಷ್ಠ ನಾಲ್ಕೈದು ಪಟ್ಟು ಹಳತು. ಉಗುರು ಒತ್ತಿದರೆ ತಗ್ಗದ, ಬಾಗಿಸಿದರೆ ಕೂದಲೆಳೆಯಷ್ಟು ಬಿರುಕು ತೋರುವ ಬುಷ್ ಪ್ರದರ್ಶನಕ್ಕೆ ಚೆಂದ, ಕಾರಿಗೆ ಬೇಡ.

ಮೂಲರೂಪ ಉಳಿಯಬೇಕಲ್ಲ ಎಂಬ ವಾದವೂ ಇಲ್ಲಿ ನಿಲ್ಲದು. 50 ವರ್ಷ ದಾಟಿದ ವಾಹನಗಳ ವಿಂಟೇಜ್ ನೋಂದಣಿಗೆ ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮವೂ ಎತ್ತಿ ಹೇಳುವುದು ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಮಾಡುವ ಭಾರೀ ಬದಲಾವಣೆಯನ್ನು. ರಬ್ಬರು ಸವೆದು ಬದಲಾಗಲೆಂದೇ ಹುಟ್ಟಿದ ಭಾಗ.

ಎರಡನೆಯ ದಾರಿ ಪಾಲಿಯುರೆಥೇನ್. ಕೆಂಪು, ನೀಲಿ ಬಣ್ಣಗಳಲ್ಲಿ ಬರುವ ಈ ಬುಷ್‌ಗೆ ಎಣ್ಣೆಯ ಭಯ ಕಡಿಮೆ, ಬಾಳಿಕೆ ಹೆಚ್ಚು. ಆದರೆ ಅದು ಕೆಲಸ ಮಾಡುವ ಕ್ರಮವೇ ಬೇರೆ. ಮೆಕ್ಯಾನಿಕ್‌ಗಳು ಸೈಲೆಂಟ್ ಬುಷ್ ಎನ್ನುವ ರಬ್ಬರ್ ಬುಷ್‌ನಲ್ಲಿ ಒಳಗೊಂದು, ಹೊರಗೊಂದು ಲೋಹದ ತೋಳು (ಸ್ಲೀವ್) ಇದ್ದು ನಡುವಿನ ರಬ್ಬರು ಎರಡಕ್ಕೂ ಅಂಟಿರುತ್ತದೆ. ಸಸ್ಪೆನ್ಷನ್ನಿನ ಆರ್ಮ್ ಏರಿಳಿದಂತೆ ರಬ್ಬರು ತಿರುಚಿಕೊಳ್ಳುತ್ತದೆ, ಜಾರುವುದಿಲ್ಲ. ಹಾಗಾಗಿ ಅದಕ್ಕೆ ಗ್ರೀಸ್ ಬೇಡ, ಸದ್ದೂ ಇಲ್ಲ. ಪಾಲಿಯುರೆಥೇನ್ ಬುಷ್ ಒಳತೋಳಿನ ಮೇಲೆ ಜಾರಿ ತಿರುಗುತ್ತದೆ. ಅದಕ್ಕೆ ಸಿಲಿಕೋನ್ ಗ್ರೀಸ್ ಬೇಕು, ಒಣಗಿದರೆ ಕಿರುಗುಡುತ್ತದೆ. ಒಂದೇ ಅಕ್ಷದಲ್ಲಿ ತಿರುಗುವ ಆರ್ಮ್‌ಗೆ ಅದನ್ನು ಒಪ್ಪಬಹುದು. ಹಿಂದಿನ ಲೀಫ್ ಸ್ಪ್ರಿಂಗಿನ ಕಣ್ಣಿಗೆ ಒಪ್ಪಲಾರೆ; ಅಲ್ಲಿ ಕಾರು ಓಲಾಡಿದಾಗ ಬುಷ್ ಓರೆಯಾಗಿಯೂ ಬಳುಕಬೇಕು, ರಸ್ತೆಯ ನಡುಕವನ್ನೂ ನುಂಗಬೇಕು. ಪದ್ಮಿನಿಯ ಸವಾರಿಯ ಮೆತ್ತನೆಯ ಗುಣ ಬೇಕೆನ್ನುವವರು ಕಾರಿಗೆಲ್ಲ ಇದನ್ನೇ ತುಂಬಿಸಿದರೆ ಆ ಗುಣವನ್ನೇ ಕಳೆದುಕೊಳ್ಳುತ್ತಾರೆ.

ಮೂರನೆಯ ದಾರಿಗೆ ಹೆಸರಿಲ್ಲ, ಮೆರುಗೂ ಇಲ್ಲ. ಅದು ಅಳತೆಯ ದಾರಿ. ಹಳೆಯ ಬುಷ್ ಕಿತ್ತು ವರ್ನಿಯರ್ ಹಿಡಿದು ಐದು ಸಂಗತಿ ಬರೆದುಕೊಳ್ಳಬೇಕು: ಹೊರವ್ಯಾಸ, ಬೋಲ್ಟ್ ತೂರುವ ಒಳವ್ಯಾಸ, ಹೊರತೋಳಿನ ಉದ್ದ, ಒಳತೋಳಿನ ಉದ್ದ, ಬುಷ್ ಕೂರುವ ಕಣ್ಣಿನ ವ್ಯಾಸ. ಒಳತೋಳು ಹೊರತೋಳಿಗಿಂತ ಸ್ವಲ್ಪ ಉದ್ದವೇ ಇರಬೇಕು, ಬೋಲ್ಟ್ ಬಿಗಿಯುವುದು ಅದನ್ನು. ಹೊರತೋಳು ಕಣ್ಣಿಗಿಂತ ಕೂದಲೆಳೆ ದಪ್ಪವಿದ್ದು ಪ್ರೆಸ್‌ನಲ್ಲೇ ಒಳಹೋಗಬೇಕು. ಈ ಲೆಕ್ಕ ಕೈಯಲ್ಲಿದ್ದರೆ ಇಂದಿನ ಯಾವುದೋ ವಾಹನದ ಬುಷ್ ಹೊಂದಬಹುದು, ತುಸು ವ್ಯತ್ಯಾಸವಿದ್ದರೆ ಲೇತ್‌ನವರು ತೋಳು ಕಡೆದುಕೊಡುತ್ತಾರೆ. ಅದೂ ಆಗದಿದ್ದರೆ ರಬ್ಬರ್ ಮೋಲ್ಡಿಂಗ್ ಮಾಡುವವರಲ್ಲಿ ಹೊಸದಾಗಿ ಹಾಕಿಸಬಹುದು. ಆಗ ಗಡಸುತನ ಶೋರ್ ಎ ಮಾಪಕದಲ್ಲಿ ಇಷ್ಟು ಎಂದು ಸಂಖ್ಯೆಯಲ್ಲೇ ಹೇಳಬೇಕು. ‘ಮೀಡಿಯಂ ಇರಲಿ’ ಎಂದರೆ ಸಿಕ್ಕಿದ್ದೇ ಗಡಸುತನ.

ಸಿಕ್ಕ ಬುಷ್ ಹಾಳಾಗುವುದು ಹೆಚ್ಚಾಗಿ ಜೋಡಣೆಯಲ್ಲಿ. ಜಾಕ್ ಮೇಲೆ ಚಕ್ರ ನೇತಾಡುತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿಯುವುದು ನಮ್ಮ ಗ್ಯಾರೇಜುಗಳ ಸಾಮಾನ್ಯ ಅಭ್ಯಾಸ. ಕಾರು ನೆಲಕ್ಕಿಳಿದ ಕೂಡಲೇ ರಬ್ಬರು ತಿರುಚಿದ ಸ್ಥಿತಿಯಲ್ಲೇ ಸಿಕ್ಕಿಬಿದ್ದು ಬೇಗ ಹರಿಯುತ್ತದೆ. ಚಕ್ರ ನೆಲದಲ್ಲಿದ್ದು ಕಾರಿನ ಭಾರ ಬಿದ್ದ ಮೇಲೆ ಕೊನೆಯ ಬಿಗಿತ ಕೊಡಬೇಕು. ಬುಷ್ ಒಳತಳ್ಳಲು ಸೋಪಿನ ನೀರು ಸಾಕು, ಗ್ರೀಸ್ ಬೇಡ. ಮಳೆಗಾಲಕ್ಕೆ ಮುಂಚೆ ತುಕ್ಕಿನ ಭಯದಿಂದ ತಳಕ್ಕೆ ಸುಟ್ಟ ಎಂಜಿನ್ ಆಯಿಲ್ ಹೊಡೆಸುವ ಮಲೆನಾಡು, ಕರಾವಳಿಯವರು ಬುಷ್‌ಗಳನ್ನಾದರೂ ಮುಚ್ಚಿಸಲಿ. ಖನಿಜ ತೈಲ ತಾಗಿದ ನೈಸರ್ಗಿಕ ರಬ್ಬರು ಉಬ್ಬಿ ಮೆತ್ತಗಾಗುತ್ತದೆ.

ಮೂರು ದಾರಿಗಳಲ್ಲಿ ನನ್ನ ಮತ ಅಳತೆಯ ದಾರಿಗೆ. ಪಾಲಿಯುರೆಥೇನ್ ಆಯ್ದ ಜಾಗಕ್ಕೆ ಸರಿ, ಹಳೆಯ ಡಬ್ಬಿ ಕಪಾಟಿಗೆ ಸರಿ. ಹವ್ಯಾಸಿಗಳ ದೊಡ್ಡ ದೋಷ ಜಿಪುಣತನ, ಅದೂ ದುಡ್ಡಿನದಲ್ಲ: ಹೊಂದುವ ಬುಷ್ ಸಿಕ್ಕವರು ಅದು ಯಾವುದೆಂದು ಬಾಯಿಬಿಡುವುದಿಲ್ಲ. ಹತ್ತು ಜನ ಅಳತೆ ಹಂಚಿಕೊಂಡು ಒಟ್ಟಿಗೆ ಆರ್ಡರ್ ಕೊಟ್ಟರೆ ಮೋಲ್ಡಿನ ಖರ್ಚು ಹತ್ತು ಪಾಲಾಗುತ್ತದೆ. ನಿಮ್ಮ ಕಾರಿನ ಬುಷ್ ಮುಂದಿನ ಸಲ ಕಳಚಿದಾಗ ಎಸೆಯುವ ಮುಂಚೆ ಅಳೆಯಿರಿ, ಬರೆದಿಡಿ, ಕೇಳಿದವರಿಗೆ ಕೊಡಿ.